ಥಾಯ್ಲೆಂಡಿಗೆ ಒಬ್ಬರೇ ಹೋಗಿ, ಬಾಡಿಗೆ ಸ್ಕೂಟರ್ ಮಾತ್ರ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ರಜೆ ಹತ್ತಿರ ಬಂತೆಂದರೆ ನಿಮ್ಮ ಪ್ರವಾಸ ಪುಟದಲ್ಲಿ ಥಾಯ್ಲೆಂಡಿನ ಫೋಟೊ ಬಂದೇ ಬರುತ್ತದೆ. ನೀಲಿ ಸಮುದ್ರ, ತೆಂಗಿನ ಮರ, ಮರದ ಕೆಳಗೆ ಬಾಡಿಗೆ ಸ್ಕೂಟರಿನ ಮೇಲೆ ಚಡ್ಡಿ, ಚಪ್ಪಲಿ ಹಾಕಿಕೊಂಡು ಕೂತ ಹುಡುಗ ಇಲ್ಲವೇ ಹುಡುಗಿ. ಆ ಸ್ಕೂಟರಿನ ಸಲುವಾಗಿಯೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಓದಿ.

ನಾನು ಮೂಳೆ ವಿಭಾಗದಲ್ಲಿ ಸ್ಟಾಫ್ ನರ್ಸ್. ವಯಸ್ಸು 46. ಹೋದ ಫೆಬ್ರುವರಿಯಲ್ಲಿ 22 ದಿನ ರಜೆ ಹಾಕಿ, ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಒಬ್ಬಳೇ ಥಾಯ್ಲೆಂಡ್ ಸುತ್ತಿ ಬಂದೆ. ಮೊದಲು ಬ್ಯಾಂಕಾಕ್, ಅಯುತ್ಥಯಾ, ಚಿಯಾಂಗ್ ಮಾಯ್. ಆಮೇಲೆ ದಕ್ಷಿಣಕ್ಕೆ ಇಳಿದು ಕೋ ತಾವೊ, ಕೋ ಫಂಗಾನ್, ಕೊನೆಗೆ ಕ್ರಾಬಿ. ‘ಕೋ’ ಅಂದರೆ ಅವರ ಭಾಷೆಯಲ್ಲಿ ದ್ವೀಪ. ಒಬ್ಬಳೇ ಹೋಗಿದ್ದಕ್ಕೆ ಒಂದು ದಿನವೂ ಬೇಜಾರಾಗಲಿಲ್ಲ. ಹೊಸ ಊರಿಗೆ ಕತ್ತಲಾಗುವ ಮುಂಚೆ ತಲುಪಬೇಕು ಅನ್ನುವ ಒಂದೇ ನಿಯಮ ಇಟ್ಟುಕೊಂಡಿದ್ದೆ, ಅಷ್ಟು ಸಾಕಾಯಿತು.

ಆದರೆ ಉಳಿದುಕೊಂಡ ಒಂದೊಂದು ಹಾಸ್ಟೆಲಿನಲ್ಲೂ ನನ್ನ ಕಣ್ಣು ಒಂದೇ ಕಡೆ ಹೋಗುತ್ತಿತ್ತು. ಬ್ಯಾಂಡೇಜ್ ಕಟ್ಟಿದ ಮೊಣಕಾಲು. ಸಿಪ್ಪೆ ಸುಲಿದ ಹಾಗಿರುವ ಮೊಣಕೈ. ಬಲಗಾಲಿನ ಮೀನಖಂಡದ ಒಳಬದಿಯಲ್ಲಿ ಮೊಟ್ಟೆಯಷ್ಟು ದೊಡ್ಡ ಸುಟ್ಟ ಗಾಯ. ಆ ಸುಟ್ಟ ಗಾಯಕ್ಕೆ ಅಲ್ಲಿ ಓಡಾಡುವ ಹುಡುಗರು ‘ಥಾಯ್ ಟ್ಯಾಟೂ’ ಅಂತ ಹೆಸರಿಟ್ಟಿದ್ದಾರೆ. ಸ್ಕೂಟರಿನ ಸೈಲೆನ್ಸರ್ ಬಲಗಡೆ ಇರುತ್ತದೆ, ಇಳಿಯುವಾಗ ಬರಿಗಾಲು ಅದಕ್ಕೆ ತಗುಲಿದರೆ ಆಯಿತು, ಚರ್ಮ ಅಂಟಿಕೊಂಡು ಬರುತ್ತದೆ. ಹೆಸರು ಕೇಳಿದವರಿಗೆ ತಮಾಷೆ ಅನಿಸಬಹುದು. ದಿನಾ ಡ್ರೆಸಿಂಗ್ ಮಾಡುವ ನನಗೆ ಅನಿಸಲಿಲ್ಲ.

ಕೋ ಫಂಗಾನಿನಲ್ಲಿ ಎರಡನೇ ರಾತ್ರಿ. ಒಂಬತ್ತು ಗಂಟೆ ಇರಬೇಕು. ಹಾಸ್ಟೆಲಿನ ಹಿಂದೆ ನಲ್ಲಿಯ ಹತ್ತಿರ ಯಾರೋ ಹಲ್ಲು ಕಚ್ಚಿಕೊಂಡು ‘ಅಮ್ಮಾ’ ಅಂದ ಹಾಗಾಯಿತು. ಹೋಗಿ ನೋಡಿದರೆ 24 ವರ್ಷದ ಹುಡುಗ, ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತಿದ್ದಾನೆ.

“ಏನಪ್ಪಾ ಆಯ್ತು?” ಅಂದೆ, ನನಗೆ ಗೊತ್ತಿಲ್ಲದೆ ಕನ್ನಡದಲ್ಲೇ.

“ಅಯ್ಯೋ, ಅಕ್ಕಾ, ನೀವು ಕನ್ನಡದವರಾ?” ಅಂದವನು ಅತ್ತೇ ಬಿಟ್ಟ.

ಬಲ ಮೊಣಕಾಲು, ಬಲ ಮೊಣಕೈ, ಎರಡೂ ಅಂಗೈ. ಗಾಯದ ತುಂಬ ಮರಳು ಮತ್ತು ಡಾಂಬರಿನ ಪುಡಿ. ಉಪ್ಪುನೀರು ತಾಗಿದರೆ ಬೇಗ ಮಾಯುತ್ತದೆ ಎಂದು ಯಾರೋ ಹೇಳಿದ್ದರಂತೆ, ಅದನ್ನು ನಂಬಿ ಸಂಜೆ ಸಮುದ್ರದಲ್ಲಿ ಮುಳುಗಿ ಬಂದಿದ್ದ. ಕಾಲಿನ ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಬಳಿದುಕೊಂಡಿದ್ದ. ನನ್ನ ಬ್ಯಾಗಿನಲ್ಲಿ ಗಾಜ್, ಚಿಮಟ ಇತ್ತು. ಹತ್ತಿರದ ಔಷಧಿ ಅಂಗಡಿಯಿಂದ ಸಲೈನ್ ಎರಡು ಬಾಟಲಿ ತಂದೆ. ಟಾರ್ಚನ್ನು ಪಕ್ಕದ ಮಂಚದ ಹುಡುಗಿ ಹಿಡಿದುಕೊಂಡಳು. ಒಂದೊಂದೇ ಕಲ್ಲಿನ ಚೂರು ತೆಗೆದು ತೊಳೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮರಳು ಒಳಗೇ ಉಳಿದರೆ ಕೀವಾಗುತ್ತದೆ, ಮಾಯ್ದ ಮೇಲೂ ಚರ್ಮದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಅದಕ್ಕೇ ನೋವಾದರೂ ಪೂರ್ತಿ ತೊಳೆಯಲೇಬೇಕು. ಅವನು ಪಾಪ ಟವೆಲ್ ಕಚ್ಚಿಕೊಂಡು ಕೂತಿದ್ದ.

“ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸ್ಕೊಂಡಿದ್ದೆ?”

“ಗೊತ್ತಿಲ್ಲ ಅಕ್ಕ. ಸ್ಕೂಲಲ್ಲಿ ಇರಬೇಕು.”

ಬೆಳಿಗ್ಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ನಮಗಿಂತ ಮುಂಚೆ ಐದು ಜನ ಕೂತಿದ್ದರು. ಬೇರೆ ಬೇರೆ ದೇಶದವರು, ಐವರಿಗೂ ಕೈಗೋ ಕಾಲಿಗೋ ಪಟ್ಟಿ. ನಾನೂ ನರ್ಸ್ ಎಂದು ತಿಳಿದ ಮೇಲೆ ಅಲ್ಲಿನ ಸಿಸ್ಟರ್ ಮುಖ ಅರಳಿತು. ನರ್ಸಿಗೆ ಅವರ ಭಾಷೆಯಲ್ಲಿ ‘ಫಯಾಬಾನ್’ ಅನ್ನುತ್ತಾರೆ, ಆಸ್ಪತ್ರೆಗೆ ‘ರೋಂಗ್ ಫಯಾಬಾನ್’, ಅಂದರೆ ಆರೈಕೆಯ ಮನೆ. ನನಗೆ ಇದು ಎಷ್ಟು ಖುಷಿ ಕೊಟ್ಟಿತು ಅಂದರೆ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಆಕೆ ಬೆಂಚಿನ ಕಡೆ ಕೈ ತೋರಿಸಿ ಒಂದೇ ಮಾತು ಹೇಳಿದರು: “ಮೊತೊಸಾಯ್.” ಮೋಟರ್‌ಸೈಕಲ್. ಬೆಂಚಿನ ಮೇಲಿದ್ದವರೆಲ್ಲ ಅದರಿಂದಲೇ ಬಂದವರು.

ಆ ಹುಡುಗ ಬಿದ್ದದ್ದು ಹೇಗೆ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಸುಮಾರು ಜನ ಬೀಳುವುದು ಹೀಗೆಯೇ. ದ್ವೀಪದ ದಕ್ಷಿಣ ತುದಿಯಲ್ಲಿ ಹಾದ್ ರಿನ್ ಅನ್ನುವ ಕಡಲ ತೀರವಿದೆ, ಹುಣ್ಣಿಮೆ ಪಾರ್ಟಿಗೆ ಹೆಸರಾದದ್ದು. ಅಲ್ಲಿಗೆ ಹೋಗುವ ರಸ್ತೆ ಗುಡ್ಡ ಹತ್ತಿ ಇಳಿಯುತ್ತದೆ. ಏರೂ ಕಡಿದು, ಇಳಿಜಾರೂ ಕಡಿದು, ತಿರುವುಗಳಲ್ಲಿ ಮರಳು. ಇಳಿಯುವಾಗ ಗಾಬರಿಯಾಗಿ ಬಲಗೈ ಬ್ರೇಕ್ ಬಿಗಿಯಾಗಿ ಹಿಡಿದುಬಿಟ್ಟ. ಅದು ಮುಂದಿನ ಚಕ್ರದ್ದು. ಮರಳಿನ ಮೇಲೆ ಚಕ್ರ ಜಾರಿತು. ಗೇರಿಲ್ಲದ ಸ್ಕೂಟರ್, ರಸ್ತೆಯ ಎಡಕ್ಕೇ ಓಡಿಸುವ ದೇಶ, ನಮಗೇನು ಹೊಸದಲ್ಲ ಅನ್ನುವ ಧೈರ್ಯ ನಮ್ಮವರಿಗೆ. ನನಗೂ ಇತ್ತು. 20 ವರ್ಷದಿಂದ ಸ್ಕೂಟರಿನಲ್ಲೇ ಡ್ಯೂಟಿಗೆ ಹೋಗುವವಳು ನಾನು.

ಗಾಯಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ದಿನಕ್ಕೆ 250 ಬಾತ್ (ಬಾತ್ ಅಂದರೆ ಅಲ್ಲಿನ ದುಡ್ಡು) ಬಾಡಿಗೆ ಹೇಳಿದ ಅಂಗಡಿಯವರು ಲೈಸೆನ್ಸ್ ಕೇಳಿರಲಿಲ್ಲ, ಪಾಸ್‌ಪೋರ್ಟ್ ಇಸ್ಕೊಂಡಿದ್ದರು. ಈಗ ಪಾಸ್‌ಪೋರ್ಟ್ ವಾಪಸ್ ಬೇಕಾದರೆ 12,000 ಬಾತ್ ಕೊಡು ಅಂದರು. ಮೊದಲೇ ಇದ್ದ ಗೀರು ಯಾವುದು, ಇವನು ಬಿದ್ದು ಆದದ್ದು ಯಾವುದು ಎಂದು ತೋರಿಸಲು ಇವನ ಬಳಿ ಒಂದು ಫೋಟೊ ಕೂಡ ಇರಲಿಲ್ಲ. ಪ್ರವಾಸದ ಇನ್ಶೂರೆನ್ಸ್ ಮಾಡಿಸಿದ್ದ. ಫೋನ್ ಮಾಡಿದಾಗ ಅವರು ಕೇಳಿದ್ದು ಎರಡೇ. ಬೈಕ್ ಓಡಿಸುವ ಲೈಸೆನ್ಸ್ ಇದೆಯಾ? ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇದೆಯಾ? ಇವನ ಹತ್ತಿರ ಇದ್ದದ್ದು ಕಾರಿನ ಲೈಸೆನ್ಸ್ ಮಾತ್ರ. ಕ್ಲಿನಿಕ್ಕಿನ ಬಿಲ್ಲು ಇವನ ಜೇಬಿನಿಂದಲೇ ಹೋಯಿತು. ಪಾಲಿಸಿಯಲ್ಲಿ ಸಣ್ಣಕ್ಷರದಲ್ಲಿ ಬರೆದೇ ಇತ್ತು, ಓದಿರಲಿಲ್ಲ ಅಷ್ಟೆ.

ಕೊನೆಗೆ ಪ್ರವಾಸಿ ಪೊಲೀಸರ ನಂಬರ್ 1155ಕ್ಕೆ ನಾನೇ ಫೋನ್ ಮಾಡಿದೆ. ಇಂಗ್ಲಿಷಿನಲ್ಲಿ ಮಾತಾಡಿದರು, ಸಮಾಧಾನದಿಂದ ಕೇಳಿಸಿಕೊಂಡರು, ಅಂಗಡಿಯವರ ಜತೆ ಫೋನಿನಲ್ಲೇ ಮಾತಾಡಿದರು. 7,000 ಬಾತಿಗೆ ಮುಗಿಯಿತು. ಅದು ಅವನ ಉಳಿದ ಒಂದು ವಾರದ ಖರ್ಚಿನ ದುಡ್ಡು. ಕ್ರಾಬಿ ನೋಡದೆ ವಾಪಸ್ ಹೋದ.

ಇವನದ್ದು ಸಣ್ಣ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ರಸ್ತೆ ಸುರಕ್ಷತೆಯ ವರದಿಯಲ್ಲಿ ಥಾಯ್ಲೆಂಡಿನ ಲೆಕ್ಕ ಲಕ್ಷ ಜನಕ್ಕೆ 32.7 ಸಾವು. ಜಗತ್ತಿನಲ್ಲೇ ತೀರಾ ಜಾಸ್ತಿ ಇರುವ ದೇಶಗಳಲ್ಲಿ ಅದೂ ಒಂದು. ಸತ್ತ ನಾಲ್ವರಲ್ಲಿ ಸುಮಾರು ಮೂವರು ಎರಡು, ಮೂರು ಚಕ್ರದ ಗಾಡಿಯವರು. ಒಬ್ಬರೇ ಹೋದವರು ಗುಡ್ಡದ ತಿರುವಿನಲ್ಲಿ ಬಿದ್ದರೆ ಎತ್ತುವವರು ಯಾರು? ಮನೆಗೆ ಫೋನ್ ಮಾಡುವವರು ಯಾರು? ಜತೆಗೆ ಯಾರಾದರೂ ಇದ್ದಾಗ ಬೀಳುವುದಕ್ಕೂ ಒಬ್ಬರೇ ಬೀಳುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ?

ಸ್ಕೂಟರ್ ಇಲ್ಲದಿದ್ದರೆ ಏನು ನೋಡಲಿಕ್ಕಾಗುತ್ತದೆ ಎಂದು ಕೇಳುವವರಿಗೆ ನನ್ನ 22 ದಿನದ ಲೆಕ್ಕ ಕೊಡುತ್ತೇನೆ.

ಬ್ಯಾಂಕಾಕಿನಲ್ಲಿ ಚಾವೊ ಫ್ರಯಾ ನದಿಯೇ ನನ್ನ ರಸ್ತೆ. ಕಿತ್ತಳೆ ಬಾವುಟದ ದೋಣಿಗೆ ಎಲ್ಲಿಂದ ಎಲ್ಲಿಗೆ ಹೋದರೂ 16 ಬಾತ್ ಕೊಟ್ಟೆ. ಟಿಕೆಟ್ ಕೊಡುವ ಹೆಂಗಸಿನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ. ಅದರೊಳಗೇ ಟಿಕೆಟ್ ಸುರುಳಿ, ಅದರೊಳಗೇ ಚಿಲ್ಲರೆ. ಅದರ ಮುಚ್ಚಳವನ್ನು ಟಕಟಕ ಬಡಿಯುತ್ತ ಜನರ ನಡುವೆ ನುಗ್ಗಿ ಬರುತ್ತಾರೆ. ಆ ಸದ್ದು ಕೇಳಿದ ತಕ್ಷಣ ಎಲ್ಲರ ಕೈ ಜೇಬಿಗೆ ಹೋಗುತ್ತದೆ. ದೋಣಿಯಲ್ಲಿ ಭಿಕ್ಷುಗಳಿಗೆ ಬೇರೆ ಜಾಗ ಇರುತ್ತದೆ. ಹೆಂಗಸರು ಅವರಿಗೆ ತಾಗುವ ಹಾಗಿಲ್ಲ, ಅದೊಂದು ನೆನಪಿರಲಿ. ತಾ ತಿಯೆನ್ ದೋಣಿಕಟ್ಟೆಯಲ್ಲಿ ಇಳಿದರೆ ವಾಟ್ ಫೋ ದೇವಸ್ಥಾನ. ಅಲ್ಲಿ ಮಲಗಿದ ಬುದ್ಧನ ಉದ್ದ 46 ಮೀಟರ್. ಬೆನ್ನ ಹಿಂದೆ ಸಾಲಾಗಿ 108 ಕಂಚಿನ ಬಟ್ಟಲು, ಒಂದೊಂದಕ್ಕೂ ಒಂದು ನಾಣ್ಯ ಹಾಕುತ್ತ ಹೋಗಬೇಕು. ಕಣ್ಣು ಮುಚ್ಚಿ ನಿಂತರೆ ಆ ದೊಡ್ಡ ಮಂಟಪದಲ್ಲಿ ಟಿಣ್ ಟಿಣ್ ಅನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲ. ಅದೇ ಕಟ್ಟೆಯಿಂದ 5 ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್. ಹೌದು, ನಮ್ಮ ಅರುಣನೇ.

ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು. ಹಳೆಯ ಹುವಾ ಲಂಫೋಂಗ್ ನಿಲ್ದಾಣಕ್ಕೆ ಹೋಗಬೇಡಿ. ದೂರದ ರೈಲುಗಳು 2023ರ ಜನವರಿಯಿಂದ ಹೊಸ ಕ್ರುಂಗ್ ಥೆಪ್ ಅಪಿವಾಟ್ ನಿಲ್ದಾಣದಿಂದ ಹೊರಡುತ್ತವೆ. ಚಿಯಾಂಗ್ ಮಾಯ್ ಊರೊಳಗೆ ಓಡಾಡುವುದಕ್ಕೆ ಕೆಂಪು ಸೊಂಗ್‌ಥಾವ್ ಇದೆ. ‘ಸೊಂಗ್‌ಥಾವ್’ ಅಂದರೆ ಎರಡು ಸಾಲು. ಪಿಕಪ್ ಗಾಡಿಯ ಹಿಂದೆ ಎದುರುಬದುರು ಎರಡು ಬೆಂಚು ಹಾಕಿರುತ್ತಾರೆ. ಕೈ ತೋರಿಸಿ ನಿಲ್ಲಿಸಿ, ಹೋಗುವ ಜಾಗ ಹೇಳಿ, ಹತ್ತಿ ಕೂರುವುದು. ಇಳಿಯುವ ಜಾಗ ಬಂದಾಗ ಗಂಟೆ ಒತ್ತಿ, ಇಳಿದು ಡ್ರೈವರಿಗೆ ದುಡ್ಡು ಕೊಡುವುದು. ಬೆಟ್ಟದ ಮೇಲಿನ ದೋಯ್ ಸುತೆಪ್ ದೇವಸ್ಥಾನಕ್ಕೂ ಇದರಲ್ಲೇ ಹೋದೆ. ಎದುರಿಗೆ ತೊಡೆಯ ಮೇಲೆ ಸೊಪ್ಪಿನ ಕಟ್ಟು ಇಟ್ಟುಕೊಂಡ ಅಜ್ಜಿ ಕೂತಿದ್ದರು. ಅರ್ಧ ದಾರಿಗೆ ನನ್ನ ಕೈಗೆ ಎರಡು ಕಿತ್ತಳೆ ಹಣ್ಣು ಇಟ್ಟರು.

ಅಲ್ಲಿನ ಭಾನುವಾರದ ಸಂತೆ ಒಂದನ್ನು ಹೇಳದೆ ಇರಲಾರೆ. ತಾ ಫೇ ಬಾಗಿಲಿನಿಂದ ಶುರುವಾಗಿ ರಾಚಡಮ್ನೋನ್ ರಸ್ತೆ ಉದ್ದಕ್ಕೂ ಜನವೋ ಜನ. ಸಂಜೆ ಆರಕ್ಕೆ ಸರಿಯಾಗಿ ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ ಬಂತು. ಇಡೀ ಬೀದಿ ನಿಂತಲ್ಲೇ ನಿಂತಿತು. ನನ್ನ ಎದುರಿನ ಹೆಂಗಸು ನೂಡಲ್ಸ್ ಬಸಿಯುವ ಜರಡಿ ಸೌಟನ್ನು ಪಾತ್ರೆಯ ಮೇಲೆ ಎತ್ತಿ ಹಿಡಿದಿದ್ದವರು ಹಾಗೆಯೇ ನಿಂತರು. ಸೌಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗೀತೆ ಮುಗಿದ ಮೇಲೆ ಮತ್ತೆ ಗಲಾಟೆ. ಸ್ಕೂಟರಿನಲ್ಲಿ ಬರ್‍ರೆಂದು ಹೋಗಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ.

ದ್ವೀಪಗಳ ಮಾತು. ಚುಂಫೋನ್‌ವರೆಗೆ ರಾತ್ರಿ ರೈಲು, ಅಲ್ಲಿಂದ ಬೆಳಿಗ್ಗೆ ಕೆಟಮರಾನ್ ದೋಣಿಯಲ್ಲಿ ಕೋ ತಾವೊ. ಇಡೀ ದ್ವೀಪವೇ ಸುಮಾರು 21 ಚದರ ಕಿಲೋಮೀಟರ್. ದೋಣಿ ನಿಲ್ಲುವ ಮೇ ಹಾದ್‌ನಿಂದ ಸೈರಿ ತೀರದವರೆಗೆ ನಡೆದೇ ಹೋದೆ. ಬೇರೆ ಕೊಲ್ಲಿಗಳಿಗೆ ಪಿಕಪ್ ಟ್ಯಾಕ್ಸಿ, ಒಬ್ಬಳಿಗೆ ದುಬಾರಿಯೇ. ಹಾಸ್ಟೆಲಿನಲ್ಲಿ ಇನ್ನಿಬ್ಬರು ಮೂವರನ್ನು ಕೇಳಿದರೆ ಹಂಚಿಕೊಂಡು ಹೋಗಬಹುದು. ಮೀನು ನೋಡಲು ನೀರಿಗೆ ಇಳಿಯುವವರು ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಓದಿಕೊಳ್ಳಿ. ಆಕ್ಸಿಬೆನ್ಜೋನ್, ಆಕ್ಟಿನೋಕ್ಸೇಟ್ ಇರುವವು ಹವಳಕ್ಕೆ ವಿಷ. ಸಮುದ್ರದ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ಅವನ್ನು ನಿಷೇಧಿಸಿದ್ದಾರೆ, ದಂಡ ಒಂದು ಲಕ್ಷ ಬಾತ್‌ವರೆಗೂ ಇದೆ.

ಇನ್ನು ರೈಲೆ ಅನ್ನುವ ಕಡಲ ತೀರ. ಕ್ರಾಬಿಯ ಹತ್ತಿರ, ದ್ವೀಪವಲ್ಲ, ನೆಲಕ್ಕೆ ಅಂಟಿಕೊಂಡೇ ಇದೆ. ಆದರೆ ಸುತ್ತ ಸುಣ್ಣಕಲ್ಲಿನ ಗೋಡೆಯಂಥ ಬೆಟ್ಟ, ರಸ್ತೆಯೇ ಇಲ್ಲ. ಆವೊ ನಾಂಗ್‌ನಲ್ಲಿ ಉದ್ದ ಬಾಲದ ದೋಣಿಗೆ ಎಂಟು ಜನ ಸೇರುವವರೆಗೆ ಕಾದೆವು, ತಲೆಗೆ 100 ಬಾತ್. ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕು, ಬ್ಯಾಗ್ ತಲೆಯ ಮೇಲೆ. ನಾನು ಅಲ್ಲಿ ಮೂರು ದಿನ ಇದ್ದೆ. ಸಂಜೆ ಆ ಬೆಟ್ಟಗಳು ಕೇಸರಿ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಸುಮ್ನೆ ಮರಳಲ್ಲಿ ಕೂತಿರುತ್ತಿದ್ದೆ. ಬ್ಯಾಂಡೇಜ್ ಕಟ್ಟಿದ ಮೊಣಕಾಲು ಒಂದೂ ಕಾಣಲಿಲ್ಲ.

ಇಷ್ಟಾದ ಮೇಲೂ ಸ್ಕೂಟರ್ ಬೇಕೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ನನ್ನ ಮಾತು ಇಷ್ಟು. ಬೈಕಿನ ಲೈಸೆನ್ಸ್ ಇದ್ದರೆ ಮಾತ್ರ ಹೋಗಿ, ಹೊರಡುವ ಮುಂಚೆಯೇ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ, ಅದರಲ್ಲಿ ಬೈಕಿನ ಕಾಲಮ್ಮಿಗೂ ಮುದ್ರೆ ಬಿದ್ದಿದೆಯಾ ನೋಡಿ. ಪಾಸ್‌ಪೋರ್ಟ್ ಒತ್ತೆ ಇಡಬೇಡಿ, ಠೇವಣಿ ದುಡ್ಡು ತೆಗೆದುಕೊಳ್ಳುವ ಅಂಗಡಿ ಹುಡುಕಿ. ಗಾಡಿಯನ್ನು ನಾಲ್ಕೂ ಕಡೆಯಿಂದ ವಿಡಿಯೊ ಮಾಡಿಕೊಳ್ಳಿ, ಅಂಗಡಿಯವರ ಎದುರೇ. ಹೆಲ್ಮೆಟ್ಟಿಗೆ ಕಾನೂನಿದೆ, ದಂಡ 2,000 ಬಾತ್‌ವರೆಗೆ. ದಂಡ ಇರಲಿ ಬಿಡಲಿ, ಪಟ್ಟಿ ಬಿಗಿಯಾಗಿ ಹಾಕಿಕೊಳ್ಳಿ. ಪ್ಯಾಂಟು, ಬೂಟು ಇರಲಿ. ಎಡಗಡೆಯಿಂದಲೇ ಇಳಿಯಿರಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಬೇರೇನೂ ಬಳಿಯಬೇಡಿ. ತೆರೆದ ಗಾಯ ಇಟ್ಟುಕೊಂಡು ಸಮುದ್ರಕ್ಕೆ ಇಳಿಯಬೇಡಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ಥಾಯ್ಲೆಂಡಿನ ಲೇಖನ ಹಾಕಿದಾಗ ಕೆಳಗೆ ಎರಡು ನಂಬರ್ ಹಾಕಿ: ಪ್ರವಾಸಿ ಪೊಲೀಸ್ 1155, ಆಂಬುಲೆನ್ಸ್ 1669. ಪರ್ಮಿಟ್ ವಿಷಯ ಒಂದು ಸಾಲು ಇರಲಿ. ಚಪ್ಪಲಿ ಹಾಕಿಕೊಂಡು ಸ್ಕೂಟರಿನ ಮೇಲೆ ಕೂತವರ ಫೋಟೊ ದಯವಿಟ್ಟು ಬೇಡ. ಬೇರೆ ಫೋಟೊ ಬೇಕಾದರೆ ನಾನು ಕೊಡುತ್ತೇನೆ. ರೈಲೆಯ ದಡದಲ್ಲಿ ಸಾಲಾಗಿ ನಿಂತ ದೋಣಿಗಳದ್ದು ಚೆನ್ನಾಗಿ ಬಂದಿದೆ, ಮೂತಿಗೆ ಕಟ್ಟಿದ ಬಣ್ಣದ ಬಟ್ಟೆಗಳೂ ಕಾಣುತ್ತವೆ.

ನಿಮ್ಮ ಓದುಗಿ,
ಒಬ್ಬ ಸ್ಟಾಫ್ ನರ್ಸ್