33 ವರ್ಷ ಬಸ್ಸಿನ ಅಡಿ ಮಲಗಿದ್ದವನ ನಮಸ್ಕಾರ

ಹೋದ ತಿಂಗಳ ಕೊನೆಯ ದಿನ ಡಿಪೋದಿಂದ ರಿಟೈರ್ ಆದೆ. 33 ವರ್ಷ ಮೆಕ್ಯಾನಿಕ್ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಅಶೋಕ್ ಲೇಲ್ಯಾಂಡ್ ಬಸ್ಸುಗಳ ಅಡಿಯಲ್ಲೇ ಕಳೆಯಿತು. ಪೇಟ ತೊಡಿಸಿ, ಹಾರ ಹಾಕಿ ಮೈಕ್ ಕೊಟ್ಟರು. ಗಂಟಲು ಕಟ್ಟಿತು, ಎರಡು ಮಾತಾಡಿ ಕೂತುಬಿಟ್ಟೆ. ಉಳಿದದ್ದು ಇಲ್ಲಿದೆ.

ಮೊದಲ ನಮಸ್ಕಾರ ನಮ್ಮ ಸ್ಟೋರ್ ಕೀಪರ್ ಸಾಹೇಬರಿಗೆ. ‘ಅಶೋಕ್’ ಅಂದ್ರೆ ಅಶೋಕ ಚಕ್ರವರ್ತಿ ಅಂತಲೇ ನಾನು ಎಷ್ಟೋ ವರ್ಷ ನಂಬಿದ್ದೆ. ಅವರು ನಕ್ಕು ಕೂರಿಸಿಕೊಂಡು ಹೇಳಿದರು. 1948ರಲ್ಲಿ ರಘುನಂದನ್ ಸರಣ್ ಅನ್ನುವವರು ಮಗನ ಹೆಸರಲ್ಲಿ ಅಶೋಕ್ ಮೋಟಾರ್ಸ್ ಶುರು ಮಾಡಿದರಂತೆ. ಮದ್ರಾಸಿನ ಎಣ್ಣೂರಿನಲ್ಲಿ ಮೊದಲು ಜೋಡಿಸಿದ್ದು ಬಸ್ಸಲ್ಲ, ಇಂಗ್ಲೆಂಡಿನ ಆಸ್ಟಿನ್ ಕಾರು. ಲೇಲ್ಯಾಂಡ್ ಅನ್ನೋದು ಅದೇ ಇಂಗ್ಲೆಂಡಿನ ಒಂದು ಊರು. 1896ರಲ್ಲಿ ಉಗಿಯಿಂದ ಓಡುವ ವ್ಯಾನ್ ಮಾಡಲು ಹೊರಟ ಕಂಪನಿ ಆಮೇಲೆ ಆ ಊರ ಹೆಸರನ್ನೇ ಇಟ್ಟುಕೊಂಡಿತು. 1955ರಲ್ಲಿ ಎರಡು ಹೆಸರೂ ಸೇರಿದವು. ಒಬ್ಬ ಹುಡುಗ, ಒಂದು ಊರು, ಅಷ್ಟೇ. ಚಕ್ರವರ್ತಿಗೆ ಇದರಲ್ಲಿ ಏನೂ ಕೆಲಸವಿಲ್ಲ.

ಅವರು ಹೇಳಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. 1951ರಲ್ಲಿ ಎಣ್ಣೂರಿನಲ್ಲಿ ಜೋಡಿಸಿದ ಮೊದಲ ಲೇಲ್ಯಾಂಡ್ ಗಾಡಿಗಳು ನಾಲ್ಕು ಕಾಮೆಟ್ ಟಿಪ್ಪರ್. ಕೊಂಡದ್ದು ಯಾರು? ಮಂಗಳೂರಿನ ಹೆಂಚಿನ ಕಾರ್ಖಾನೆ! ಆಗ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು ಬಿಡಿ. ಆದರೂ ನಮ್ಮದೇ ಅಲ್ವಾ?

ಮೇಸ್ತ್ರಿಗಳು ಈಗಿಲ್ಲ. ಅವರು ಪಾಠ ಮಾಡಿದ್ದು ಉದ್ದನೆಯ ಸ್ಕ್ರೂಡ್ರೈವರ್‌ನಲ್ಲಿ. ತುದಿ ಓಡುವ ಇಂಜಿನ್ ಮೇಲೆ, ಹಿಡಿ ನನ್ನ ಕಿವಿಗೆ. "ಕೇಳೋ, ಟ್ಯಾಪೆಟ್ ಬಡೀತಿದೆ. ಈಗ ಪಕ್ಕದ್ದು ಕೇಳು" ಅನ್ನೋರು. ಟ್ಯಾಪೆಟ್ ಅಂದ್ರೆ ಇಂಜಿನ್ನಿನ ವಾಲ್ವ್ ತೆರೆಯುವ ಭಾಗ. ಆರು ತಿಂಗಳು ನನಗೆ ಎಲ್ಲವೂ ಒಂದೇ ಗಲಾಟೆ. ಒಂದು ರಾತ್ರಿ ವೈಕಿಂಗ್ ಬಸ್ಸೊಂದರ ಮೂರನೇ ಸಿಲಿಂಡರ್ ಹತ್ತಿರ ಟಕ್ ಟಕ್ ಅನ್ನೋದು ಬೇರೆಯಾಗಿ ಕೇಳಿಸಿತು. ಕವರ್ ಬಿಚ್ಚಿ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿದರೆ ಗ್ಯಾಪ್ ಜಾಸ್ತಿಯಾಗಿತ್ತು. ಮೇಸ್ತ್ರಿ ಹೊಗಳಲಿಲ್ಲ. ಇಬ್ಬರಿಗೂ ಟೀ ತರಿಸಿದರು.

1987ರಲ್ಲಿ ಅಶೋಕ್ ಲೇಲ್ಯಾಂಡ್‌ನಲ್ಲಿದ್ದ ಬ್ರಿಟಿಷರ ಪಾಲು ಹಿಂದೂಜಾ ಗ್ರೂಪ್ ಮತ್ತು ಇಟಲಿಯ ಇವೆಕೋ ಕೈಗೆ ಹೋಯಿತು ಅಂತ ಓದಿದ್ದೇನೆ. ಬಸ್ಸಿನಡಿ ಮಲಗಿದವನಿಗೆ ಅದೆಲ್ಲ ಕಾಣಿಸೋದಿಲ್ಲ.

ನನಗೆ ಕಂಡದ್ದು ಚಾಸಿ (ಇಂಜಿನ್, ಚಕ್ರ ಇರುವ ಬಸ್ಸಿನ ಚೌಕಟ್ಟು) ತರುವ ಡ್ರೈವರ್‌ಗಳು. ಹೊಸೂರಿನ ಕಾರ್ಖಾನೆ 1980ರಲ್ಲಿ ಶುರುವಾದದ್ದು, ಅತ್ತಿಬೆಲೆ ದಾಟಿದರೆ ಸಿಗುತ್ತದೆ. ಅಲ್ಲಿಂದ ಬರೀ ಚಾಸಿ ಓಡಿಸಿಕೊಂಡು ಬರೋರು. ಬಾಡಿ ಇಲ್ಲ, ಗಾಜಿಲ್ಲ, ತಲೆಗೆ ಟವೆಲ್, ಕೂರೋದಕ್ಕೆ ಏನೋ ಒಂದು ಹಲಗೆ. ಎದುರು ಲಾರಿಯ ಧೂಳೆಲ್ಲ ಮುಖಕ್ಕೆ. ಬಾಡಿ ಕಟ್ಟಿ ಬಣ್ಣ ಹೊಡೆದ ಮೇಲೆ ಆ ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡುವ ನಾವ್ಯಾರೂ ಅವರನ್ನು ನೆನೆಯೋದಿಲ್ಲ. ಅಣ್ಣಂದಿರೇ, ನಿಮ್ಮ ಹೆಸರೂ ನಾನು ಕೇಳಲಿಲ್ಲ. ತಪ್ಪಾಯಿತು, ನಮಸ್ಕಾರ.

ಮನೆಯವಳಿಗೆ ಥ್ಯಾಂಕ್ಸ್ ಬರೆದರೆ "ಸುಮ್ನಿರ್ರೀ" ಅಂತಾಳೆ. ಗ್ರೀಸ್ ಮೆತ್ತಿದ ಖಾಕಿ ಒಗೆದ ಕೈಗೆ ಅದು ಸಾಲೋದೂ ಇಲ್ಲ.

ಡಿಪೋದ ಹುಡುಗರೇ, ನಿಮಗೂ ಥ್ಯಾಂಕ್ಸ್. ಬೀಳ್ಕೊಡುಗೆ ದಿನ ನನ್ನ 12-13 ಪಾನಾ ಯಾರೋ ಇಸ್ಕೊಂಡಿರಿ, ವಾಪಸ್ ಬರಲಿಲ್ಲ. ಇಟ್ಕೊಳ್ಳಿ.