ತೋಟಾ ಒಳಗೆ ಕೂತರೆ ಸಾಲದು, ಚೇಂಬರ್ ಉದ್ದವನ್ನೂ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬಗಳು ಬಹಳ. ಅವುಗಳಲ್ಲಿ ಎಷ್ಟೋ ಮನೆಗಳಿಗೆ ತಾತನ ಕಾಲದ ಒಂದು ಜೋಡು ನಳಿಗೆಯ ತೋಟಾ ಕೋವಿ ಬಂದಿರುತ್ತದೆ. ವರ್ಷವೆಲ್ಲ ಅದು ಬೀರುವಿನಲ್ಲೋ, ಬಂದೂಕಿನ ಅಂಗಡಿಯಲ್ಲೋ ಭದ್ರವಾಗಿರುತ್ತದೆ. ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಬಂದಾಗ, ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ತೆಗೆಯುವಾಗ ಹೊರಗೆ ಬರುತ್ತದೆ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವ ಪದ್ಧತಿಯೂ ಇದೆ. ಊರಿಗೆ ಹೊರಡುವ ಮುಂಚೆ ಅನೇಕರು ಇಲ್ಲೇ ನಗರದಲ್ಲಿ ತೋಟಾ, ಅಂದರೆ ಕೋವಿಗೆ ತುಂಬುವ ಕಾರ್ಟ್ರಿಜ್, ಕೊಳ್ಳುತ್ತಾರೆ. ಆ ಕೌಂಟರಿನಲ್ಲಿ ಕೇಳದೇ ಉಳಿಯುವ ಒಂದು ಪ್ರಶ್ನೆಯ ಬಗ್ಗೆ ಈ ಪತ್ರ.

ಕಳೆದ ಸಲ ನಾನು ಹೋದಾಗ "ಯಾವ ಬೋರ್ ಸರ್?" ಎಂದರು. ಹನ್ನೆರಡು ಎಂದೆ. ಲೈಸೆನ್ಸ್ ನೋಡಿದರು, ರಿಜಿಸ್ಟರಿನಲ್ಲಿ ಬರೆದರು, ಡಬ್ಬಿ ಎತ್ತಿ ಮುಂದಿಟ್ಟರು. ಕೋವಿ ಎಲ್ಲಿಯದು, ಎಷ್ಟು ಹಳೆಯದು, ಚೇಂಬರ್ ಎಷ್ಟು ಉದ್ದ ಎಂಬ ಮಾತೇ ಬರಲಿಲ್ಲ. ನಾನೇ ಕೇಳಿದೆ, ಇದು 65 ಮಿಲಿಮೀಟರಿನದಾ, 70ರದ್ದಾ ಅಂತ. "ಎಲ್ಲಾ ಹನ್ನೆರಡು ಬೋರೇ ಸರ್, ಆರಾಮಾಗಿ ಒಳಗೆ ಹೋಗುತ್ತೆ" ಎಂದರು. ಒಳಗೆ ಹೋಗುವುದು ನಿಜ. ಅದಕ್ಕೇ ಜನ ಮೋಸಹೋಗುತ್ತಾರೆ.

ಹನ್ನೆರಡು ಬೋರ್ ಅನ್ನುವುದು ನಳಿಗೆಯ ಅಗಲದ ಲೆಕ್ಕ. ತೋಟಾ ಕೂರುವ ಚೇಂಬರಿನ ಉದ್ದ ಬೇರೆಯೇ ಲೆಕ್ಕ. ಒಂದೇ ಹನ್ನೆರಡು ಬೋರಿನಲ್ಲಿ 2½ ಇಂಚು, 2¾ ಇಂಚು, 3 ಇಂಚು, 3½ ಇಂಚಿನ ಚೇಂಬರುಗಳಿವೆ. ಮಿಲಿಮೀಟರಿನಲ್ಲಿ ಇವನ್ನು 65, 70, 76, 89 ಎಂದು ಗುರುತಿಸುತ್ತಾರೆ. 2 ಇಂಚಿನ ಹಗುರ ಕೋವಿಗಳೂ ಹಿಂದೆ ತಯಾರಾಗಿದ್ದವು. ಎರಡನೇ ಮಹಾಯುದ್ಧಕ್ಕಿಂತ ಮುಂಚೆ ಇಂಗ್ಲೆಂಡಿನಿಂದ ಬಂದ ಜೋಡು ನಳಿಗೆಗಳಲ್ಲಿ ಹೆಚ್ಚಿನವು 2½ ಇಂಚಿನವು. ನಮ್ಮ ಹಳೇ ಮನೆಗಳಲ್ಲಿ ಇರುವುದು ಇಂಥವೇ ಜಾಸ್ತಿ. ಇವತ್ತು ಸುಲಭವಾಗಿ ಸಿಗುವ ತೋಟಾಗಳು 70ರವು.

ತೋಟಾದ ಮೇಲೆ 70 ಎಂದು ಅಚ್ಚಾಗಿರುವುದು ಈಡು ಹಾರಿದ ಮೇಲೆ, ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ಹೊಸ ತೋಟಾದ ಬಾಯಿಯನ್ನು ನಕ್ಷತ್ರದ ಹಾಗೆ ಒಳಕ್ಕೆ ಮಡಚಿರುತ್ತಾರೆ. ಹಾಗಾಗಿ ಅದರ ಉದ್ದ 60 ಮಿಲಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. 65ರ ಚೇಂಬರಿನಲ್ಲಿ ಅದು ಸಲೀಸಾಗಿ ಕೂರುತ್ತದೆ, ಕೋವಿಯೂ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಕುದುರೆ ಎಳೆದಾಗ ಆ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ಅಷ್ಟರಲ್ಲಿ ಚೇಂಬರ್ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಫೋರ್ಸಿಂಗ್ ಕೋನ್ ಎಂಬ ಇಳಿಜಾರು. 20 ಮಿಲಿಮೀಟರಿಗೂ ಹೆಚ್ಚು ಅಗಲವಿದ್ದ ದಾರಿ ಅಲ್ಲಿ ಸುಮಾರು 18.5ಕ್ಕೆ ಇಳಿಯುತ್ತದೆ. ಮೊದಲೇ ಕಿರಿದಾಗುತ್ತಿರುವ ಜಾಗಕ್ಕೆ ತೋಟಾದ ಬಾಯಿಯ ಅಂಚೂ ಬಂದು ಸೇರುತ್ತದೆ. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಮತ್ತು ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ಹಿಂದೆ ಮದ್ದಿನ ಒತ್ತಡ ಏರುತ್ತದೆ.

ಎಷ್ಟು ಏರುತ್ತದೆ ಎಂಬುದು ತೋಟಾದಿಂದ ತೋಟಾಕ್ಕೆ, ಕೋವಿಯಿಂದ ಕೋವಿಗೆ ಬದಲಾಗುತ್ತದೆ. ಕೆಲವೊಮ್ಮೆ ಅಷ್ಟೇನೂ ಏರದೆ ಇರಬಹುದು. "ನಮ್ಮಪ್ಪ ಹತ್ತು ವರ್ಷ ಹೀಗೇ ಹೊಡೆದರು, ಏನೂ ಆಗಲಿಲ್ಲ" ಎನ್ನುವವರು ಸಿಗುವುದು ಅದಕ್ಕೇ. ಆದರೆ ಉದ್ದ ತೋಟಾದಲ್ಲಿ ಸಾಮಾನ್ಯವಾಗಿ ಮದ್ದೂ ಚರೆಯೂ ಜಾಸ್ತಿ. ಆ ಹಳೇ ನಳಿಗೆಯನ್ನು ಅಷ್ಟು ಹೊರೆಗೆ ಪರೀಕ್ಷೆಯೇ ಮಾಡಿರುವುದಿಲ್ಲ. ಯುರೋಪಿನ ಅಳತೆಯಲ್ಲಿ ಸಾಧಾರಣ ಹನ್ನೆರಡು ಬೋರ್ ತೋಟಾಕ್ಕೆ 740 ಬಾರ್ ಒತ್ತಡದ ಮಿತಿ ಇದೆ. ಜೋರಿನ ತೋಟಾಗಳಿಗೆ 1050 ಬಾರ್. 65ರ ಹಳೇ ಕೋವಿಯಲ್ಲಿ 76ರ ಮ್ಯಾಗ್ನಮ್ ತೋಟಾ ಹಾಕಿದವರ ಕೈ ಮುಖ ಇರುವುದು ಆ ನಳಿಗೆಯಿಂದ ಗೇಣುದೂರದಲ್ಲಿ. ಒಂದೇ ಈಡಿಗೆ ನಳಿಗೆ ಸಿಡಿಯದಿದ್ದರೂ ಪ್ರತಿ ಈಡಿಗೂ ಕೋವಿಯ ಕೀಲು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಬರುತ್ತದೆ.

ಹಾರಿಸಿದ ತೋಟಾದ ಖಾಲಿ ಕೊಳವೆಯನ್ನು ಎಸೆಯದೆ ಒಮ್ಮೆ ನೋಡಿ. ಬಾಯಿಯ ಅಂಚು ಹರಿದು ಎಳೆ ಎಳೆಯಾಗಿದ್ದರೆ, ಹೆಗಲಿಗೆ ಒದೆತ ವಿಪರೀತ ಅನ್ನಿಸಿದರೆ, ಕೋವಿ ಬಿಚ್ಚಲು ಬಿಗಿಯಾದರೆ, ಅಲ್ಲಿಗೆ ನಿಲ್ಲಿಸಿ. ಆದರೆ ಇವು ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದು ಲೆಕ್ಕ ಹಾಕಬಾರದು.

ತಿರುಗಾ ಮುರುಗಾ ಆದರೆ ತೊಂದರೆ ಕಡಿಮೆ. 70ರ ಚೇಂಬರಿನಲ್ಲಿ ಅದೇ ಬೋರಿನ 65ರ ತೋಟಾ ಹಾರಿಸಬಹುದು. ಚರೆ ಹರಡುವುದರಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು, ಅಷ್ಟೇ. ಇನ್ನು ಕೆಲವು ತಯಾರಕರು, ಕೊಳವೆ ತುಸು ಉದ್ದವಿದ್ದರೂ 65ರ ಚೇಂಬರಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೇ ಬರೆದಿರುತ್ತಾರೆ. ಒತ್ತಡ ನೋಡಿಯೇ ಹಾಗೆ ಬರೆಯುವುದು. ಬರೆದಿಲ್ಲ ಎಂದರೆ ಆಗುವುದಿಲ್ಲ ಎಂದೇ ತಿಳಿಯಬೇಕು.

ನಮ್ಮ ಕೋವಿಯ ಅಳತೆ ತಿಳಿಯುವುದು ಹೇಗೆ? ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ನಳಿಗೆ ಕಳಚಿ ಅದರ ಅಡಿಭಾಗ ನೋಡಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ (ನಳಿಗೆ ಒತ್ತಡ ತಡೆಯುತ್ತದೆಯೇ ಎಂದು ಪರೀಕ್ಷಿಸುವ ಸಂಸ್ಥೆ) ಮುದ್ರೆಗಳ ಪಕ್ಕದಲ್ಲಿ 2½ ಎಂದೋ, 65 ಅಥವಾ 70 ಎಂದೋ ಕೆತ್ತಿರುತ್ತದೆ. ತೀರಾ ಹಳೆಯ ಕೋವಿಗಳಲ್ಲಿ ಉದ್ದದ ಗುರುತೇ ಇಲ್ಲದಿರಬಹುದು. ಅಂಥವು ಹಳೇ ಕಾಲದ ಕಪ್ಪು ಮದ್ದಿಗೆ ಮಾತ್ರ ಪರೀಕ್ಷೆಯಾದವೂ ಆಗಿರಬಹುದು. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ, ಗೆರೆ ಗೆರೆಯ ಡಮಾಸ್ಕಸ್ ನಳಿಗೆಯಾದರೆ ಇನ್ನೂ ಜಾಗ್ರತೆ ಬೇಕು. ಗುರುತಿದ್ದರೂ ಅದನ್ನೇ ಪೂರ್ತಿ ನಂಬುವಂತಿಲ್ಲ. ಮಧ್ಯೆ ಯಾರೋ ಚೇಂಬರನ್ನು ಕೊರೆದು ಉದ್ದ ಮಾಡಿಸಿರಬಹುದು. ಹಾಗೆ ಕೊರೆದಾಗ ಅಲ್ಲಿನ ಗೋಡೆ ತೆಳ್ಳಗಾಗುತ್ತದೆ, ಮತ್ತೆ ಪ್ರೂಫ್ ಆಗದ ಹೊರತು ಅದು 70ರ ಕೋವಿಯಾಗುವುದಿಲ್ಲ. ಸ್ಕೇಲು ಹಾಕಿ ಅಳೆಯಲು ಹೋಗಬೇಡಿ. ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಇದಕ್ಕೆ ಚೇಂಬರ್ ಗೇಜ್ ಇದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಬಳಿ ಅಳೆಸಿದರೆ ಕೆಲವೇ ನಿಮಿಷದ ಕೆಲಸ.

ಈಗ ಇದನ್ನು ಎತ್ತಲು ಕಾರಣವಿದೆ. 2019ರ ತಿದ್ದುಪಡಿಯಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಒಬ್ಬರಿಗೆ ಇದ್ದ ಮೂರು ಕೋವಿಯ ಮಿತಿಯನ್ನು ಎರಡಕ್ಕೆ ಇಳಿಸಿತು. ಆಮೇಲೆ ಹಿರಿಯರ ಕೋವಿ ಮಗನ ಹೆಸರಿಗೆ, ಮೊಮ್ಮಗಳ ಹೆಸರಿಗೆ ಬಂದದ್ದನ್ನು ನನ್ನ ಬಳಗದಲ್ಲೇ ಕಂಡಿದ್ದೇನೆ. ತಾತನಿಗೆ ತನ್ನ ಕೋವಿಯ ಅಳತೆ ಗೊತ್ತಿತ್ತು. ಐಟಿ ಕಂಪನಿಯಲ್ಲಿ ದುಡಿಯುವ ಮೊಮ್ಮಗಳಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ನಾನು ನೋಡಿದ ಲೈಸೆನ್ಸ್ ಪುಸ್ತಕಗಳಲ್ಲಿ ಬೋರ್ ಇದೆ, ನಂಬರ್ ಇದೆ, ಚೇಂಬರ್ ಉದ್ದ ಇಲ್ಲ. ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್ ಕಚೇರಿ. ಹೆಸರು ಬದಲಾಗುವಾಗ, ನವೀಕರಣದ ಹೊತ್ತಿನಲ್ಲಿ ಒಮ್ಮೆ ಅಳೆಸಿ ಆ ಅಂಕಿಯನ್ನೂ ಬರೆಯುವಂತೆ ಅವರು ಮನಸ್ಸು ಮಾಡಬೇಕು. ಅಂಗಡಿಯವರೂ ಬೋರ್ ಜೊತೆ ಉದ್ದವನ್ನು ಕೇಳಲಿ, ಬಿಲ್ಲಿನಲ್ಲಿ ಬರೆಯಲಿ. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ ಅಲ್ವಾ?

ಎರಡು ಬೇರೆ ಬೇರೆ ಬೋರಿನ ಕೋವಿಗಳಿರುವ ಮನೆಯವರಿಗೆ ಇನ್ನೊಂದು ಮಾತು. 20 ಬೋರಿನ ತೋಟಾ 12ರ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಚೇಂಬರ್ ಖಾಲಿಯಂತೆ ಕಾಣುತ್ತದೆ. ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡನ್ನೂ ಒಂದೇ ಜೇಬಿನಲ್ಲಿ, ಒಂದೇ ಡಬ್ಬಿಯಲ್ಲಿ ಇಡಬೇಡಿ.

ಮನೆಯಲ್ಲಿ ಈಗಾಗಲೇ ಅಳತೆ ಮೀರಿದ ತೋಟಾ ಇದ್ದರೆ ಅದರ ಬಾಯಿ ಕತ್ತರಿಸಿ ಗಿಡ್ಡ ಮಾಡುವ ಸಾಹಸ ಬೇಡ. ಕೊಂಡ ಅಂಗಡಿಗೆ ಡಬ್ಬಿ ಸಮೇತ ಒಯ್ದು, ನಿಮ್ಮ ಕೋವಿಯ ಅಳತೆ ಹೇಳಿ, ಏನು ಮಾಡಬೇಕೆಂದು ಕೇಳಿ.

ಇಂತಿ,
ನಿಮ್ಮ ಓದುಗ,
ಜಯನಗರ, ಬೆಂಗಳೂರು