ಡೆಮು ಗುಜರಿಗೆ ಹೋಗುವ ಮೊದಲು ಅದರ ಸದ್ದು ರೆಕಾರ್ಡ್ ಮಾಡಲು ಬಿಡಿ

ಮಾನ್ಯ ಸಂಪಾದಕರೇ,

ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ 2022ರಲ್ಲೇ ಮುಗಿದಿದೆ. ಹೊಗೆ ಕಡಿಮೆಯಾಯಿತು, ಡೀಸೆಲ್ ಖರ್ಚೂ ಉಳಿಯಿತು, ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗೋವಾದ ಪೆರ್ನೆಂ, ಮಡಗಾಂವ್ ಕಡೆಯಿಂದ ನಮ್ಮ ಶಿರವಾಡದ ಸ್ಟೇಷನ್ನಿಗೆ ಬರುತ್ತಿದ್ದ ಡೆಮು, ಅಂದರೆ ಡೀಸೆಲ್ ಲೋಕಲ್ ರೈಲಿನ ಸದ್ದನ್ನು ಯಾರಾದರೂ ಸರಿಯಾಗಿ ರೆಕಾರ್ಡ್ ಮಾಡಿಟ್ಟಿದ್ದಾರಾ ಅಂತ ಹುಡುಕುತ್ತಿದ್ದೇನೆ. ನನಗಂತೂ ಸಿಕ್ಕಿಲ್ಲ.

ನಾನು ಮಾಡೆಲ್ ರೈಲು ಮಾಡುವವನು. ಆಟಿಕೆ ಅಂತ ನಗಬೇಡಿ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆಯ ಮಾಡೆಲ್ ಒಳಗೆ ಈಗ ರೆಕಾರ್ಡ್ ಮಾಡಿದ ಸದ್ದು ನುಡಿಸುವ ಪುಟ್ಟ ಸೌಂಡ್ ಡಿಕೋಡರ್ ಕೂರಿಸುತ್ತಾರೆ. ಅದಕ್ಕೆ ಒಂದೊಂದು ಸದ್ದೂ ಬೇರೆ ಬೇರೆಯಾಗಿ ಬೇಕು. ಎಂಜಿನ್ ಸ್ಟಾರ್ಟ್ ಆಗುವುದು, ನಿಂತಲ್ಲೇ ಓಡುವುದು, ಒಂದೊಂದೇ ನಾಚ್ (ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಂತ) ಏರಿಸಿದಾಗ, ಇಳಿಸಿದಾಗ ಆಗುವ ಬದಲಾವಣೆ, ಆಮೇಲೆ ಹಾರ್ನ್, ಕಂಪ್ರೆಸರ್, ಬ್ರೇಕ್. ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇದೆಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಕೆಲಸಕ್ಕೆ ಬರುವುದಿಲ್ಲ ಮಾರಾಯ್ರೇ! ಎಂಜಿನ್ ಮೇಲೆ ಹಾರ್ನ್, ಹಾರ್ನ್ ಮೇಲೆ ಚಾಯ್ ಮಾರುವವರ ಕೂಗು, ಸಾಲದ್ದಕ್ಕೆ ಮೊಬೈಲ್ ತಾನೇ ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಏರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ.

ಬೋಗಿಗಳನ್ನು ಎಳೆಯುವ ಹಳೆಯ ಆಲ್ಕೋ ಡೀಸೆಲ್ ಲೋಕೋ ಎಂಜಿನ್ನಿನ ಸದ್ದನ್ನೇ ಡೆಮುಗೆ ಹಾಕಿದರಾಯಿತು ಅನ್ನುವವರೂ ಇದ್ದಾರೆ. ಹೇಗೆ ಆಗುತ್ತದೆ? ಆಲ್ಕೋ 16 ಸಿಲಿಂಡರಿನ ದೊಡ್ಡ ಎಂಜಿನ್, ನಿಧಾನವಾಗಿ ತಿರುಗುತ್ತದೆ. ಡೆಮುನಲ್ಲಿ ಬೇರೆ ಲೋಕೋ ಇಲ್ಲ, ಜನ ಕೂರುವ ಬೋಗಿಯಲ್ಲೇ ಎಂಜಿನ್. 700 ಅಶ್ವಶಕ್ತಿಯ ಹಳೆಯ ಡೆಮುಗಳಲ್ಲಿ ಕಮ್ಮಿನ್ಸ್ ಎಂಜಿನ್ ಇರುತ್ತದೆ, ಅದು ತಿರುಗುವ ವೇಗ ಆಲ್ಕೋಗಿಂತ ತುಂಬಾ ಜಾಸ್ತಿ. 1994ರಲ್ಲಿ ಪಂಜಾಬಿನ ಜಲಂಧರ್‌ನಲ್ಲಿ ಶುರುವಾದ ಈ ರೈಲುಗಳು ಈಗ ತಂತಿ ಬಂದ ಕಡೆಯೆಲ್ಲ ಕರೆಂಟಿನಲ್ಲಿ ಓಡುವ ಮೆಮುಗೆ ಜಾಗ ಬಿಡುತ್ತಿವೆ.

ಅಮೆರಿಕದ ಬಡ್ ಕಂಪನಿ 1949ರಿಂದ 1962ರವರೆಗೆ ಡೆಮುವಿನ ಹಾಗೆಯೇ ಬೇರೆ ಲೋಕೋ ಇಲ್ಲದೆ ಓಡುವ, ಆರ್‌ಡಿಸಿ ಅನ್ನುವ ಸ್ಟೀಲ್ ರೈಲುಕಾರುಗಳನ್ನು ಮಾಡಿತ್ತು. ಹತ್ತಿರ ಹತ್ತಿರ 400, ಹೆಚ್ಚಿನವುಗಳ ನೆಲದಡಿಯಲ್ಲಿ ಎರಡೆರಡು ಡೀಸೆಲ್ ಎಂಜಿನ್. ಅವುಗಳಲ್ಲಿ ಕೆಲವು ಕೆನಡಾದ ಸಡ್ಬರಿ–ವೈಟ್ ರಿವರ್ ಮಾರ್ಗದಲ್ಲಿ ಇಷ್ಟು ವರ್ಷವಾದರೂ ಜನರನ್ನು ಹೊತ್ತಿವೆ, ಮ್ಯೂಸಿಯಂಗಳಲ್ಲೂ ಉಳಿದಿವೆ. ಸದ್ದು ಮಾಡುವ ಆರ್‌ಡಿಸಿ ಮಾಡೆಲ್ ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ನಮ್ಮಲ್ಲಿ ಡೆಮು ಗುಜರಿಗೆ ಹೋದರೆ ಹೋಯಿತು, ಅಲ್ವಾ?

ಹಾಗಾದರೆ ಈಗ ಹುಡುಕುವುದೆಲ್ಲಿ? ಒಂದು ತಮಾಷೆ ನೋಡಿ, ವಿದ್ಯುತ್ ಮಾರ್ಗಕ್ಕೇ ಡೀಸೆಲ್ ರೈಲುಕಾರು ಬೇಕೇ ಬೇಕು. ಮೇಲಿನ ತಂತಿ ಹರಿದರೆ ಕರೆಂಟ್ ತೆಗೆದು ರಿಪೇರಿ ಮಾಡಬೇಕಲ್ಲ, ಅದಕ್ಕೆ ಹೋಗುವ ಟವರ್ ವ್ಯಾಗನ್ ಓಡುವುದು ಡೀಸೆಲ್ಲಿನಲ್ಲಿ. ರೈಲ್ವೆಯಲ್ಲಿ ಅಪಘಾತ ಪರಿಹಾರಕ್ಕೆ ಅಂತ ಇಡುವ ರೈಲುಗಳಲ್ಲೂ ತಾವೇ ಓಡುವ ಡೀಸೆಲ್ ರೈಲುಗಳಿವೆ. ಡೆಮು ಸಿಗದಿದ್ದರೆ ಇವಾದರೂ ಸರಿ.

ರೈಲ್ವೆಯವರಲ್ಲಿ ಕೇಳುವುದು ಇಷ್ಟೇ. ಯಾವುದಾದರೂ ಡೆಮುವನ್ನು ಸೇವೆಯಿಂದ ತೆಗೆಯುವ ಮೊದಲು ಯಾರ್ಡಿನಲ್ಲಿ ಒಂದು ಗಂಟೆ ನಮಗೆ ಕೊಡಿ. ಲೋಕೋ ಪೈಲಟ್ ಒಬ್ಬರು ಎಂಜಿನ್ ಸ್ಟಾರ್ಟ್ ಮಾಡಿ, ನಾಚ್ ಏರಿಸಿ ಇಳಿಸಿ, ನಿಲ್ಲಿಸಿದರೆ ಸಾಕು. ನಿಂತ ರೈಲಿನಲ್ಲಿ ಭಾರ ಎಳೆಯುವ ಸದ್ದು ಬರುವುದಿಲ್ಲ, ಹಾಗಾಗಿ ಎಲ್ಲಾದರೂ ಏರು ದಾರಿಯಲ್ಲಿ ಒಂದು ಸಲ ಓಡುವಾಗ ಎಂಜಿನ್ ಇರುವ ಬೋಗಿಯಲ್ಲಿ ಮೈಕ್ ಇಡಲು ಬಿಟ್ಟರೆ ಇನ್ನೂ ಒಳ್ಳೆಯದು. ಸುರಂಗದ ಒಳಗೆ ಬೇಡ, ಬರೀ ಪ್ರತಿಧ್ವನಿ. ಮಳೆಗಾಲದಲ್ಲಂತೂ ನಮ್ಮ ಕಡೆ ಬೇಡವೇ ಬೇಡ!

ಶಿರಸಿ, ಸಿದ್ದಾಪುರದ ಓದುಗರಲ್ಲೂ ಒಂದು ಮಾತು. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಹಳಿಯ ಮೇಲೆ ರೈಲ್‌ಬಸ್, ಅಂದರೆ ಬಸ್ಸಿನಂಥ ಪುಟ್ಟ ಡೀಸೆಲ್ ರೈಲು ಓಡುತ್ತಿತ್ತು, ನಿಮ್ಮಲ್ಲಿ ಹಲವರು ಹತ್ತಿರಬಹುದು. ಜೋಗಕ್ಕೆ ಬಂದ ನೆಂಟರು ಹ್ಯಾಂಡಿಕ್ಯಾಮಿನಲ್ಲಿ ಅದನ್ನು ಚಿತ್ರೀಕರಿಸಿದ್ದರೆ ಆ ಕ್ಯಾಸೆಟ್ ಎಸೆಯಬೇಡಿ. ಚಿತ್ರ ಮಸುಕಾಗಿದ್ದರೂ ಪರವಾಗಿಲ್ಲ, ನನಗೆ ಬೇಕಾದದ್ದು ಸದ್ದು ಮಾತ್ರ. ಎಲ್ಲರೂ ಸುಮ್ಮನಿದ್ದು ರೈಲ್‌ಬಸ್ ಒಂದೇ ಮಾತಾಡುವ ಅರ್ಧ ನಿಮಿಷ ಸಿಕ್ಕರೂ ಸಾಕು. ಇದ್ದವರು ಪತ್ರಿಕೆಯ ಮೂಲಕ ತಿಳಿಸಿ, ನಾನೇ ಬಂದು ಕಾಪಿ ಮಾಡಿಕೊಂಡು ಕ್ಯಾಸೆಟ್ ಅಲ್ಲೇ ವಾಪಸ್ ಕೊಡುತ್ತೇನೆ.

— ಒಬ್ಬ ಓದುಗ, ಕಾರವಾರ